ದೀಪ ಹೊತ್ತಿದರೆ ಕಿಸೆ ಬರಿದಾಗಬೇಕೆ?

ಯಂತ್ರ ಕೆಟ್ಟರೆ ಮೊದಲು ದೋಷ ಎಲ್ಲಿದೆಯೆಂದು ಹುಡುಕಬೇಕು, ಆಮೇಲೆ ಸಾಮಾನಿಗೆ ಕೈ ಹಾಕಬೇಕು. ಕುಮಾರಪಟ್ಟಣದ ಗಿರಣಿಗಳಲ್ಲಿ ದುಡಿಯುವ ಫಿಟ್ಟರನಿಗಾಗಲಿ ವೈರಮನ್‌ನಿಗಾಗಲಿ ಇದು ಹೊಸ ಪಾಠವಲ್ಲ. ೧೯೭೨ರಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಹರಿಹರ ಪಾಲಿಫೈಬರ್ಸ್ ಎದ್ದಂದಿನಿಂದ ಈ ಊರಿನ ಎರಡು ತಲೆಮಾರು ಇದೇ ವಿದ್ಯೆಯಿಂದ ಅನ್ನ ತಿಂದಿದೆ. ಮೋಟರು ನಿಂತಿತೆಂದು ಯಾವ ಗಿರಣಿಯ ಮಾಲೀಕನೂ ಕೂಡಲೇ ಹೊಸ ಮೋಟರು ತರಿಸುವುದಿಲ್ಲ. ಮೀಟರು ಹಿಡಿದವನನ್ನು ಕರೆಸುತ್ತಾನೆ, ತಂತಿ ಎಲ್ಲಿ ಸಡಿಲ, ಬ್ರಷ್ ಎಷ್ಟು ಸವೆದಿದೆ, ಫ್ಯೂಸು ಯಾಕೆ ಹೋಯಿತು ಎಂದು ಕೇಳುತ್ತಾನೆ. ತನ್ನ ಹಣದ ವಿಷಯದಲ್ಲಿ ಬಂಡವಾಳಗಾರ ಬಲು ಶಾಸ್ತ್ರೀಯ!

ಆದರೆ ಅದೇ ಫಿಟ್ಟರು ಪಾಳಿ ಮುಗಿಸಿ ಗೇಟಿನಾಚೆ ಬಂದು ತನ್ನ ಹಳೆಯ ಮಾರುತಿ ೮೦೦ನ್ನು ಶುರು ಮಾಡಿದಾಗ ನಡೆಯುವುದೇನು? ಬ್ಯಾಡಗಿಯ ಪೇಟೆಯಿಂದ ಮೆಣಸಿನಕಾಯಿ ಚೀಲ ತರುವ ಚಿಕ್ಕ ವ್ಯಾಪಾರಿಯ ಓಮ್ನಿ ರಾಣೆಬೆನ್ನೂರಿನ ಹತ್ತಿರ ಹೆದ್ದಾರಿಯಲ್ಲಿ ನಿಂತಾಗ ಆಗುವುದೇನು? ಎದುರಿನ ಹಲಗೆಯಲ್ಲಿ ಎರಡು ಕೆಂಪು ದೀಪ ಹೊತ್ತಿವೆ, ಒಂದು ಬ್ಯಾಟರಿಯದು, ಇನ್ನೊಂದು ಕೈಬ್ರೇಕಿನದು. ಗಾಡಿಯನ್ನು ಎಳೆದು ತರುತ್ತಾರೆ. ‘ಬ್ಯಾಟರಿ ಹೋಗಿದೆ, ಹೊಸದು ಹಾಕಿ’ ಎಂಬ ತೀರ್ಪು ಹೊರಬೀಳುತ್ತದೆ. ಹೊಸದು ಹಾಕಿ ಎರಡು ದಿನಕ್ಕೆ ಗಾಡಿ ಮತ್ತೆ ನಿಲ್ಲುತ್ತದೆ. ‘ಹಾಗಾದರೆ ಡೈನಮೋ’ ಎನ್ನುತ್ತಾರೆ, ಅದೂ ಬದಲಾಗುತ್ತದೆ. ‘ಬ್ರೇಕಿನ ದೀಪವೂ ಹೊತ್ತಿದೆಯಲ್ಲ’ ಎಂದು ಹಿಂದಿನ ಲೈನರುಗಳೂ ಬದಲಾಗುತ್ತವೆ. ಒಂದು ತಿಂಗಳ ಲಾಭ ಒಂದು ವಾರದಲ್ಲಿ ಹೋಗುತ್ತದೆ. ಕೊನೆಗೆ ಹೊರಬಿದ್ದ ದೋಷವೇನು? ಬ್ಯಾಟರಿಯ ಕೊಂಡಿಗೆ ಹಿಡಿದ ಹಸಿರು ಕಿಲುಬು!

ಒಬ್ಬ ಮಿಸ್ತ್ರಿ ಕೆಟ್ಟವನೆಂಬುದು ನಮ್ಮ ವಾದವಲ್ಲ. ಪರೀಕ್ಷೆ ಮಾಡದೆ ಬದಲಾಯಿಸುವುದೇ ಇಂದು ಒಂದು ವ್ಯವಸ್ಥೆಯಾಗಿದೆ. ಆ ವ್ಯವಸ್ಥೆಯ ಖರ್ಚನ್ನು ಹೊರುವವರು ಕೂಲಿಕಾರರು ಮತ್ತು ಚಿಕ್ಕ ಅಂಗಡಿಕಾರರು. ಆದ್ದರಿಂದ ಮೊದಲು ಈ ವಿದ್ಯೆಯಲ್ಲಿ ಗುಟ್ಟೇನೂ ಇಲ್ಲವೆಂದು ತೋರಿಸೋಣ.

ದೀಪವೇ ದೋಷವಲ್ಲ, ಅದು ಸುದ್ದಿ ಹೇಳುವವ. ಚಾರ್ಜಿನ ದೀಪದ ಒಂದು ತುದಿ ಕೀಲಿಯ ಮೂಲಕ ಬ್ಯಾಟರಿಗೆ, ಇನ್ನೊಂದು ತುದಿ ನಾವು ರೂಢಿಯಲ್ಲಿ ಡೈನಮೋ ಎನ್ನುವ ಆಲ್ಟರ್ನೇಟರಿಗೆ ಸೇರಿದೆ. ಎರಡೂ ಕಡೆ ವಿದ್ಯುತ್ತಿನ ಒತ್ತಡ ಸಮವಾದಾಗ ದೀಪ ಆರುತ್ತದೆ. ಕೀಲಿ ತಿರುಗಿಸಿ ಎಂಜಿನ್ ಶುರು ಮಾಡುವ ಮುಂಚೆ ಅದು ಹೊತ್ತಲೇಬೇಕು. ಹೊತ್ತದಿದ್ದರೆ ಬಲ್ಬು ಸುಟ್ಟಿದೆ ಇಲ್ಲವೆ ತಂತಿ ಕಡಿದಿದೆ. ಅನೇಕ ಹಳೆಯ ಗಾಡಿಗಳಲ್ಲಿ ಆ ಪುಟ್ಟ ಬಲ್ಬಿನ ಮೂಲಕವೇ ಆಲ್ಟರ್ನೇಟರಿಗೆ ಮೊದಲ ಚೇತನ ಹೋಗುವುದರಿಂದ, ಬಲ್ಬು ಸುಟ್ಟರೆ ಚಾರ್ಜೂ ನಿಲ್ಲಬಹುದು. ಎಂಜಿನ್ ಓಡುವಾಗಲೂ ಹೊತ್ತಿದ್ದರೆ ಆಲ್ಟರ್ನೇಟರಿನ ಕಡೆಯ ಒತ್ತಡ ಬಿದ್ದಿದೆ ಎಂದರ್ಥ.

ಎರಡು ದೀಪ ಕೂಡಿಯೇ ಹೊತ್ತಿದರೆ? ಕೆಲವು ಜಪಾನೀ ಮಾದರಿಯ ಗಾಡಿಗಳಲ್ಲಿ ಬ್ರೇಕಿನ ದೀಪವನ್ನು ಚಾರ್ಜಿನ ದೀಪದ ತಂತಿಗೆ ಡಯೋಡಿನ ಮೂಲಕ ಜೋಡಿಸಿರುತ್ತಾರೆ. ಅಲ್ಲಿ ಆಲ್ಟರ್ನೇಟರು ಸೋತರೆ ಎರಡೂ ದೀಪ ಒಟ್ಟಿಗೆ, ಕೆಲವೊಮ್ಮೆ ಮಂಕಾಗಿ, ಹೊತ್ತುತ್ತವೆ. ರೋಗ ಒಂದು, ಲಕ್ಷಣ ಎರಡು. ಇದನ್ನು ತಿಳಿಯದವನು ಎರಡು ರೋಗಕ್ಕೆ ಔಷಧಿ ಕೊಟ್ಟು ಎರಡು ಬಿಲ್ಲು ಬರೆಯುತ್ತಾನೆ. ಆದರೂ ಬ್ರೇಕಿನ ಮಾತಿನಲ್ಲಿ ಊಹೆ ಸಲ್ಲದು. ಎಣ್ಣೆಯ ಡಬ್ಬಿಯ ಮಟ್ಟ ನೋಡಿ, ಪೆಡಲು ಒತ್ತಿ ಗಟ್ಟಿಯಾಗಿ ನಿಲ್ಲುತ್ತದೆಯೇ ಎಂದು ತಿಳಿದ ಮೇಲೆಯೇ ಮುಂದಿನ ಕೆಲಸ.

ಇನ್ನು ಪರೀಕ್ಷೆ. ಬೇಕಾದದ್ದು ಕೆಲವು ನೂರು ರೂಪಾಯಿಗೆ ಸಿಗುವ ಒಂದು ಮೀಟರು. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಬ್ಯಾಟರಿಯ ಎರಡು ಕೊಂಡಿಗೆ ಹಿಡಿಯಿರಿ. ೧೨.೬ ವೋಲ್ಟ್ ಇದ್ದರೆ ತುಂಬಿದೆ. ೧೨ಕ್ಕೆ ಇಳಿದಿದ್ದರೆ ಬಹುಪಾಲು ಬರಿದಾಗಿದೆ. ಬರಿದಾಗಿದೆ ಎಂದರೆ ಕೆಟ್ಟಿದೆ ಎಂದಲ್ಲ. ಕೊಡ ಬರಿದಾದರೆ ಕೊಡವನ್ನು ಎಸೆಯುತ್ತೇವೆಯೇ? ಎಂಜಿನ್ ಶುರು ಮಾಡಿ ಮತ್ತೆ ಹಿಡಿಯಿರಿ. ಸುಮಾರು ೧೩.೮ರಿಂದ ೧೪.೫ರವರೆಗೆ ತೋರಿಸಿದರೆ ಚಾರ್ಜು ಸರಿಯಿದೆ. ಹದಿನೈದನ್ನು ದಾಟಿದರೆ ರೆಗ್ಯುಲೇಟರು ಹೋಗಿದೆ, ಬ್ಯಾಟರಿ ಕುದಿಯುತ್ತದೆ. ಹನ್ನೆರಡರ ಮೇಲೆ ಏಳದಿದ್ದರೆ ಚಾರ್ಜು ಇಲ್ಲ.

ಚಾರ್ಜು ಇಲ್ಲದಿದ್ದರೂ ಆಲ್ಟರ್ನೇಟರನ್ನು ಬಿಚ್ಚುವ ಅವಸರ ಬೇಡ. ಬೆಲ್ಟು ಸಡಿಲವೇ? ಎಂಜಿನ್ ನಿಲ್ಲಿಸಿ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಸುಮಾರು ಅರ್ಧ ಅಂಗುಲಕ್ಕಿಂತ ಹೆಚ್ಚು ಬಗ್ಗಬಾರದು. ಕೊಂಡಿಗಳಿಗೆ ಬಿಳಿ-ಹಸಿರು ಕಿಲುಬು ಹಿಡಿದಿದೆಯೇ? ಕೊಂಡಿ ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒರೆಸಿ ಬಿಗಿಯಿರಿ. ಆಮೇಲೆ ಎಂಜಿನ್ ಓಡುತ್ತ, ದೊಡ್ಡ ದೀಪ ಹೊತ್ತಿರುವಾಗ, ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ತಂತಿಯ ತುದಿಗೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್ ಕೊಂಡಿಗೂ ಹಿಡಿಯಿರಿ. ಅರ್ಧ ವೋಲ್ಟಿನಷ್ಟು ತೋರಿಸಿದರೆ ನಡುವಿನ ತಂತಿ ಒತ್ತಡವನ್ನು ತಿನ್ನುತ್ತಿದೆ. ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್‌ಗೂ ಹೀಗೆಯೇ ನೋಡಿದರೆ ಅರ್ಥಿಂಗಿನ ಬಂಡವಾಳ ಬಯಲಾಗುತ್ತದೆ. ಇವೆಲ್ಲ ಸರಿಯಿದ್ದರೆ ಮಾತ್ರ ಆಲ್ಟರ್ನೇಟರು ಅಪರಾಧಿ. ಆಗಲೂ ಒಳಗಿನ ಕಾರ್ಬನ್ ಬ್ರಷ್, ರೆಗ್ಯುಲೇಟರು, ಡಯೋಡು ಬೇರೆ ಬೇರೆ ಸಿಗುತ್ತವೆ. ಇಡೀ ಯಂತ್ರ ಬದಲಾಗಬೇಕೆಂದಿಲ್ಲ.

ಒಂದು ಎಚ್ಚರಿಕೆ. ಎಂಜಿನ್ ಓಡುವಾಗ ಬ್ಯಾಟರಿಯ ಕೊಂಡಿ ಕಿತ್ತು ‘ಗಾಡಿ ನಿಲ್ಲುತ್ತದೋ ನೋಡೋಣ’ ಎನ್ನುವುದು ಹಳೆಯ ಅಂಬಾಸಡರಿನ ಡೈನಮೋ ಕಾಲದ ರೂಢಿ. ಆಲ್ಟರ್ನೇಟರಿರುವ ಗಾಡಿಯಲ್ಲಿ ಹಾಗೆ ಮಾಡಿದರೆ ಒತ್ತಡ ಒಮ್ಮೆಲೆ ಏರಿ ಒಳಗಿನ ಡಯೋಡುಗಳೂ ರೆಗ್ಯುಲೇಟರೂ ಸುಡಬಹುದು. ಪರೀಕ್ಷೆಯೇ ರೋಗ ತರುವ ಪರಿ ಇದು.

ಕೈಬ್ರೇಕಿನ ಕಥೆಯೂ ಹೀಗೆಯೇ. ಬಿಟ್ಟ ಮೇಲೂ ದೀಪ ಹೊತ್ತಿದ್ದರೆ ಎಣ್ಣೆಯ ಮಟ್ಟ ಇಳಿದಿರಬಹುದು. ಇಲ್ಲವೆ ಸನ್ನೆಯ ಬುಡದ ಪುಟ್ಟ ಸ್ವಿಚ್ಚು ಅಂಟಿಕೊಂಡಿರಬಹುದು, ಅದರ ತಂತಿ ಸವೆದು ಮೈಗೆ ತಾಗಿರಬಹುದು. ಎಣ್ಣೆ ಇಳಿದಿದ್ದರೆ ಬರೀ ತುಂಬಿ ಕಳಿಸಬಾರದು, ಅದು ಹೋದದ್ದೆಲ್ಲಿಗೆ ಎಂದು ಕೇಳಬೇಕು. ಲೈನರು ಸವೆದಂತೆ ಮಟ್ಟ ಇಳಿಯುತ್ತದೆ. ಚಕ್ರದ ಸಿಲಿಂಡರು ಸೋರಿದರೂ ಇಳಿಯುತ್ತದೆ, ಸೋರಿದ ಎಣ್ಣೆ ಲೈನರಿಗೆ ಹತ್ತಿದರೆ ಬ್ರೇಕು ಜಾರುತ್ತದೆ. ಸನ್ನೆ ಮೇಲೆ ಮೇಲೆ ಬಂದರೂ ಗಾಡಿ ನಿಲ್ಲದಿದ್ದರೆ ನೇರವಾಗಿ ಕೇಬಲ್ ಬಿಗಿಯುವುದು ಕಳ್ಳ ಕೆಲಸ. ಮೊದಲು ಡ್ರಮ್ಮಿನಲ್ಲಿ ಶೂಗಳ ಅಂತರ ಸರಿಪಡಿಸಬೇಕು, ಕೇಬಲ್ ಕೊನೆಗೆ. ಇಲ್ಲವಾದರೆ ಶೂ ಸದಾ ಉಜ್ಜಿ ಡ್ರಮ್ಮು ಕಾಯುತ್ತದೆ. ಗಾಡಿಯನ್ನು ಎತ್ತುವ ಮುಂಚೆ ಚಕ್ರಕ್ಕೆ ಕಲ್ಲು ಕೊಡದವನಿಗೆ ಯಾವ ವಿದ್ಯೆಯೂ ಕೆಲಸಕ್ಕೆ ಬಾರದು.

ಇಷ್ಟು ಸರಳವಾದ ವಿದ್ಯೆ ಮುಚ್ಚುಮರೆಯಾಗಿದ್ದೇಕೆ? ಮುಚ್ಚಿಟ್ಟರೆ ಲಾಭವಿದೆ ಎಂಬುದಕ್ಕೆ. ಇದು ನಮ್ಮ ಆರೋಪವಷ್ಟೇ ಅಲ್ಲ. ೨೦೧೪ರ ಆಗಸ್ಟ್ ೨೫ರಂದು ಭಾರತದ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಸುಮಾರು ೨,೫೪೫ ಕೋಟಿ ರೂಪಾಯಿ ದಂಡ ಹಾಕಿತು. ಅಪರಾಧವೇನು? ಬಿಡಿ ಸಾಮಾನುಗಳನ್ನೂ, ದೋಷ ಹುಡುಕುವ ಉಪಕರಣಗಳನ್ನೂ ಹೊರಗಿನ ಮಿಸ್ತ್ರಿಗಳಿಗೆ ಸಿಗದಂತೆ ತಡೆದದ್ದು. ಆ ಹದಿನಾಲ್ಕರಲ್ಲಿ ಮಾರುತಿ ಇತ್ತು, ಟಾಟಾ ಇತ್ತು, ಅಂಬಾಸಡರನ್ನು ಮಾಡುತ್ತಿದ್ದ ಹಿಂದುಸ್ತಾನ್ ಮೋಟಾರ್ಸ್ ಕೂಡ ಇತ್ತು. ೧೯೪೨ರಲ್ಲಿ ಆ ಕಂಪನಿಯನ್ನು ಕಟ್ಟಿದ್ದು ಬಿರ್ಲಾ ಮನೆತನ. ನಮ್ಮ ಹೊಳೆದಂಡೆಯ ಗಿರಣಿಯೂ ಅದೇ ಮನೆತನದ್ದು. ದಂಡ ಬಿದ್ದ ಮೇಲೆ ಕಂಪನಿಗಳು ಮೇಲ್ಮನವಿಯ ಮೆಟ್ಟಿಲು ಹತ್ತಿದವು. ವಕೀಲರಿಗೆ ಕೊಡಲು ಅವರ ಹತ್ತಿರ ಹಣವಿದೆ. ಓಮ್ನಿಯ ವ್ಯಾಪಾರಿಗೆ ಹೆದ್ದಾರಿಯ ಬದಿಯಲ್ಲಿ ನಿಲ್ಲುವ ಸ್ವಾತಂತ್ರ್ಯವಿದೆ! ೨೦೨೨ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ‘ದುರಸ್ತಿಯ ಹಕ್ಕು’ ಎಂಬ ಹೆಸರಿನ ಪೋರ್ಟಲನ್ನು ತೆರೆಯಿತು. ಹಕ್ಕೆಂಬ ಹೆಸರು ಬಂತು. ಕಂಪನಿಯ ಕೈಹಿಡಿದು ಕೇಳುವ ಕಾಯಿದೆ ಅದರ ಜೊತೆಗೆ ಬರಲಿಲ್ಲ.

ಇನ್ನು ಸರಕಾರದ ದೋಷಪರೀಕ್ಷೆ ನೋಡಿ. ಹದಿನೈದು ವರ್ಷ ದಾಟಿದ ಸ್ವಂತ ಕಾರಿನ ಮರುನೋಂದಣಿಯ ಶುಲ್ಕವನ್ನು ೨೦೨೨ರ ಏಪ್ರಿಲ್ ೧ರಿಂದ ೬೦೦ ರೂಪಾಯಿಯಿಂದ ೫,೦೦೦ಕ್ಕೆ ಏರಿಸಿದರು. ಇಪ್ಪತ್ತು ವರ್ಷ ದಾಟಿದ್ದಕ್ಕೆ ೨೦೨೫ರ ಆಗಸ್ಟಿನಲ್ಲಿ ೧೦,೦೦೦ ಮಾಡಿದರು. ಹಳೆಯ ಗಾಡಿ ಹೊಗೆ ಉಗುಳುತ್ತದೆ, ಬ್ರೇಕು ಹಿಡಿಯದೆ ಜೀವ ತೆಗೆಯುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಹಾಗಾದರೆ ಹೊಗೆ ಅಳೆಯಿರಿ, ಬ್ರೇಕು ಪರೀಕ್ಷಿಸಿರಿ, ಸೋತ ಗಾಡಿಯನ್ನು ನಿಲ್ಲಿಸಿರಿ. ಆದರೆ ಪರೀಕ್ಷೆಯಲ್ಲಿ ಗೆದ್ದ ಗಾಡಿಯೂ ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಅಷ್ಟು ಹಣ ತೆರಬೇಕೇಕೆ? ದೋಷವನ್ನು ನೋಡದೆ ವಯಸ್ಸನ್ನು ನೋಡುವುದೂ, ಮೀಟರು ಹಿಡಿಯದೆ ಬ್ಯಾಟರಿ ಬದಲಾಯಿಸುವುದೂ ಒಂದೇ ಬುದ್ಧಿ. ಹೊಸ ಗಾಡಿ ಕೊಳ್ಳುವ ತಾಕತ್ತಿಲ್ಲದವನ ಮೇಲೆ ಹಾಕಿದ ಕಂದಾಯ ಇದು.

ಮಿಸ್ತ್ರಿಗಳಿಗೆ ಒಂದು ಮಾತು. ನೀವು ನಮ್ಮ ಶತ್ರುಗಳಲ್ಲ. ಬಾಡಿಗೆಯ ಶೆಡ್ಡಿನಲ್ಲಿ ದುಡಿಯುವ ನೀವೂ ಕೂಲಿಕಾರರೇ. ಕಂಪನಿ ನಿಮ್ಮಿಂದಲೂ ವಿದ್ಯೆಯನ್ನು ಮುಚ್ಚಿಟ್ಟಿದೆ. ನಿಮ್ಮ ಕೈಕೆಳಗಿನ ಹುಡುಗ ಡ್ರಮ್ಮು ಬಿಚ್ಚಿ ಬಾಯಿಂದ ದೂಳು ಊದುತ್ತಾನೆ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಆ ದೂಳು ಶ್ವಾಸಕೋಶಕ್ಕೆ ಇಳಿದರೆ ಹತ್ತಾರು ವರ್ಷಗಳ ಮೇಲೆ ಕ್ಯಾನ್ಸರಾಗಿ ಏಳಬಹುದು. ಒದ್ದೆ ಬಟ್ಟೆಯಿಂದ ಒರೆಸಬೇಕೆಂದು ಆ ಹುಡುಗನಿಗೆ ಹೇಳಿಕೊಟ್ಟವರಾರು? ಗಿರಾಕಿಯ ಹಣ, ನಿಮ್ಮ ಹುಡುಗನ ಎದೆ, ಎರಡನ್ನೂ ಸುಡುತ್ತಿರುವುದು ಒಂದೇ ಅಜ್ಞಾನ. ಪರೀಕ್ಷೆಗೂ ಕೂಲಿಯಿದೆ, ಅದನ್ನು ಧಾರಾಳವಾಗಿ ಕೇಳಿರಿ, ನಾವು ಕೊಡಬೇಕು. ಬುದ್ಧಿಯ ಕೂಲಿಯನ್ನು ಚೌಕಾಸಿ ಮಾಡಿ ಸಾಮಾನಿನ ಬೆಲೆಯನ್ನು ಬಾಯಿಮುಚ್ಚಿ ತೆರುವ ಗಿರಾಕಿಯೇ ಈ ರೋಗಕ್ಕೆ ಅರ್ಧ ಕಾರಣ.

‘ಪಕ್ಷದ ಪತ್ರಿಕೆಯಲ್ಲಿ ಕಾರಿನ ರಿಪೇರಿಯೇ? ಇದೆಂಥ ರಾಜಕೀಯ?’ ಎಂದು ಕೆಲವು ಮಿತ್ರರು ನಗಬಹುದು. ಲೋಹಿಯಾ ಅವರು ಚಿಕ್ಕ ಯಂತ್ರದ ಪರವಾಗಿ ವಾದಿಸಿದ್ದು ಯಾಕೆ? ಕಡಿಮೆ ಬಂಡವಾಳದಲ್ಲಿ ನಡೆಯುವ, ದುಡಿಯುವವನ ಹಿಡಿತಕ್ಕೆ ಸಿಗುವ ಯಂತ್ರವೇ ಅವನನ್ನು ಆಳದೆ ಅವನಿಗೆ ದುಡಿಯುತ್ತದೆ ಎಂಬುದಕ್ಕೆ. ಅವರು ಇಂಗ್ಲಿಷಿನ ಯಜಮಾನಿಕೆಯನ್ನು ವಿರೋಧಿಸಿದ್ದು ಯಾಕೆ? ಅರ್ಥವಾಗದ ಭಾಷೆಯಲ್ಲಿ ಬರೆದ ಬಿಲ್ಲಿಗೂ ಕಾಯಿದೆಗೂ ಬಡವ ತಲೆಬಾಗಿಸಬೇಕಾಗುತ್ತದೆ ಎಂಬುದಕ್ಕೆ. ನಮ್ಮೆದುರಿನ ಹರಿಹರದಲ್ಲಿ ೧೯೪೧ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನು ಮಾಡುತ್ತಿತ್ತು. ಆ ಕಾರಖಾನೆ ಮುಚ್ಚಿಹೋಯಿತು. ಯಂತ್ರ ಮಾಡುವ ವಿದ್ಯೆಯನ್ನು ಕಳೆದುಕೊಂಡ ಸೀಮೆ ಯಂತ್ರ ಸರಿಪಡಿಸುವ ವಿದ್ಯೆಯನ್ನೂ ಕಳೆದುಕೊಂಡರೆ ಉಳಿಯುವುದು ಕಂತು ಕಟ್ಟುವ ವಿದ್ಯೆಯೊಂದೇ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಬಿಲ್ಲು ಕನ್ನಡದಲ್ಲಿರಬೇಕು; ಸಾಮಾನಿನ ಬೆಲೆ, ಕೂಲಿ ಬೇರೆ ಬೇರೆ ಬರೆದಿರಬೇಕು. ದುರಸ್ತಿಗೆ ಮುಂಚೆ ಎಷ್ಟು ವೋಲ್ಟ್, ಆಮೇಲೆ ಎಷ್ಟು ಎಂಬುದನ್ನು ಅದರಲ್ಲಿ ನಮೂದಿಸಬೇಕು. ಬಿಚ್ಚಿದ ಹಳೆಯ ಸಾಮಾನನ್ನು ಗಿರಾಕಿಯ ಕೈಗೆ ಕೊಡಬೇಕು. ದುರಸ್ತಿಯ ಕೈಪಿಡಿಯನ್ನು ಕಂಪನಿಗಳು ಕನ್ನಡದಲ್ಲಿ ಎಲ್ಲ ಮಿಸ್ತ್ರಿಗಳಿಗೂ ಒದಗಿಸಬೇಕು. ಮರುನೋಂದಣಿಯ ಶುಲ್ಕ ವಯಸ್ಸಿಗಲ್ಲ, ದೋಷಕ್ಕೆ ತಕ್ಕಂತಿರಬೇಕು. ಮೋಸವಾದರೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ವಕೀಲನಿಲ್ಲದೆಯೂ ಕೊಡಬಹುದು ಎಂಬುದು ಪ್ರತಿ ಅಂಗಡಿಕಾರನಿಗೂ ತಿಳಿದಿರಬೇಕು.

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂರುವುದೂ ಬೇಡ. ಕುಮಾರಪಟ್ಟಣದಲ್ಲಿ ಮೀಟರು ಹಿಡಿಯಬಲ್ಲ ನೂರಾರು ಕೈಗಳಿವೆ. ತಿಂಗಳಿಗೊಂದು ಭಾನುವಾರ ಸಂಘದ ಅಂಗಳದಲ್ಲಿ ಗಿರಣಿಯ ವೈರಮನ್, ಶೆಡ್ಡಿನ ಮಿಸ್ತ್ರಿ, ಗಾಡಿಯ ವ್ಯಾಪಾರಿ ಮೂವರೂ ಕೂಡಲಿ. ಒಂದು ಮೀಟರು, ಒಂದು ಜಾಕು, ಚಕ್ರಕ್ಕೆ ಎರಡು ಕಲ್ಲು ಇದ್ದರೆ ಶಾಲೆ ತೆರೆದಂತೆ. ಮಾಲೀಕನ ಯಂತ್ರಕ್ಕೆ ಹಗಲೂ ರಾತ್ರಿ ಸಲ್ಲುವ ವಿದ್ಯೆ ನಮ್ಮ ಮನೆಯ ಗಾಡಿಗೆ ಒಂದು ಭಾನುವಾರವಾದರೂ ಸಲ್ಲಲಿ.