ರೆಕ್ಕೆಗೆ ಒಗ್ಗಿದ ಬಿಸಿ ಮೂತಿಗೆ ಒಗ್ಗದು

ಹಿರೀಸಾವೆ ಬೆಂಗಳೂರು–ಮಂಗಳೂರು ಹೆದ್ದಾರಿಯ ಊರು. ಬಸ್ಸು ನಿಂತಾಗ ಮಗುವಿನ ಹಾಲಿನಪುಡಿಗೆಂದು ಹೋಟೆಲಿನಲ್ಲಿ ಬಿಸಿನೀರು ಕೇಳುವವರುಂಟು. ಕೈಯಲ್ಲಿರುವುದು ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿ. ಕುದಿಯುವ ನೀರು ಬಿದ್ದೊಡನೆ ಅದು ಸೊಟ್ಟಗಾಗಿ ಮುದುಡಿಕೊಳ್ಳುತ್ತದೆ. ‘ಅಯ್ಯೋ, ಕರಗಿಹೋಯಿತು’ ಎನ್ನುತ್ತಾರೆ. ನಿಜವಾಗಿ ಅದು ಕರಗಿದ್ದಲ್ಲ, ಕುಗ್ಗಿದ್ದು. ಈ ಪ್ಲಾಸ್ಟಿಕ್ ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ನೀರು ಕುದಿಯುವುದು 100 ಡಿಗ್ರಿಗೆ.

ಹಾಗಾದರೆ ಕುಗ್ಗಿದ್ದೇಕೆ? ಬಾಟಲಿ ತಯಾರಿಸುವಾಗ ಪಾಲಿಯೆಸ್ಟರನ್ನು ಬಿಸಿ ಮಾಡಿ, ಎಳೆದು ಉಬ್ಬಿಸಿ, ತಕ್ಷಣ ತಣ್ಣಗಾಗಿಸುತ್ತಾರೆ. ಅದರ ಉದ್ದನೆಯ ಅಣುಗಳು ಎಳೆದ ಸ್ಥಿತಿಯಲ್ಲೇ ಸೆರೆಯಾಗುತ್ತವೆ. ಮತ್ತೆ ಬಿಸಿ ತಾಗಿದರೆ ಅವಕ್ಕೆ ಬಿಡುಗಡೆ. ಮೊದಲಿನಂತೆ ಸುರುಳಿ ಸುತ್ತಿಕೊಳ್ಳಲು ಹೊರಡುತ್ತವೆ.

ಮನೆಯಲ್ಲಿ ರಗಳೆಯಾಗುವ ಈ ಗುಣವೇ ರೇಡಿಯೋ ನಿಯಂತ್ರಣದ ಮಾದರಿ ವಿಮಾನ ಕಟ್ಟುವವರಿಗೆ ವರ. ಎನ್‌ಸಿಸಿಯ ವಾಯು ವಿಭಾಗದಲ್ಲಿ ಮಾದರಿ ವಿಮಾನ ಕಟ್ಟುವುದು ತರಬೇತಿಯ ಒಂದು ಭಾಗ. ಇಂಥ ವಿಮಾನದ ರೆಕ್ಕೆಗೆ ಹಗುರವಾದ ಬಾಲ್ಸಾ ಮರದ ಚೌಕಟ್ಟು. ಅದರ ಮೇಲೆ, ಒಳಮೈಗೆ ಅಂಟು ಬಳಿದ ತೆಳುವಾದ ಬಣ್ಣದ ಪಾಲಿಯೆಸ್ಟರ್ ಹಾಳೆ. ಇಸ್ತ್ರಿ ಪೆಟ್ಟಿಗೆಯಂಥ ಪುಟ್ಟ ಸಾಧನದಿಂದ ಒತ್ತಿದರೆ ಸುಮಾರು 100 ಡಿಗ್ರಿಯಲ್ಲಿ ಅಂಟು ಹಿಡಿಯುತ್ತದೆ. 150 ಡಿಗ್ರಿಯ ಆಸುಪಾಸಿನಲ್ಲಿ ಹಾಳೆ ಕುಗ್ಗಿ, ಕಾಯಿಸಿದ ತಮಟೆಯಂತೆ ಬಿಗಿಯಾಗುತ್ತದೆ. ತಮಟೆ ಬಿಗಿಯಾಗುವುದು ಚರ್ಮದ ತೇವ ಆರಿ. ಇಲ್ಲಿ ಅಣುಗಳು ಕುಗ್ಗಿ.

ತೊಂದರೆ ಶುರುವಾಗುವುದು ಮೂತಿಯ ಹತ್ತಿರ. ಎಂಜಿನ್ ಮುಚ್ಚುವ ಕವಚ, ಚಕ್ರದ ಮೇಲಿನ ಹೊದಿಕೆ ಇವು ಬಹಳಷ್ಟು ಮಾದರಿಗಳಲ್ಲಿ ಫೈಬರ್‌ಗ್ಲಾಸಿನವು. ರೆಕ್ಕೆ ಕೆಂಪಾದ ಮೇಲೆ ಮೂತಿಯೂ ಅದೇ ಕೆಂಪಾಗಲಿ ಎಂದು ಹುಡುಗರು ಆಸೆಪಡುವುದು ಸಹಜ. ರೆಕ್ಕೆಗೆ ಕೊಟ್ಟ ಬಿಸಿಯನ್ನೇ ಕೊಡುತ್ತಾರೆ. ಹಾಳೆಯ ತುಂಬ ಗುಳ್ಳೆ! ಕೆಲವೊಮ್ಮೆ ಕವಚವೇ ಸೊಟ್ಟ. ‘ದುಡ್ಡು ದಂಡ, ನಿನಗೆ ಕೈಗುಣವಿಲ್ಲ’ ಎಂಬ ಮಾತೂ ಬೀಳುತ್ತದೆ. ಆದರೆ ತಪ್ಪು ಕೈಯದಲ್ಲ. ಅಡಿಯಲ್ಲಿರುವ ವಸ್ತು ಬೇರೆ ಎಂಬುದನ್ನು ಮರೆತದ್ದು.

ಬೆಂಗಳೂರಿನಲ್ಲಿ ಹುಟ್ಟಿದ ಎರಡು ನಿಜವಾದ ವಿಮಾನಗಳನ್ನು ಇಲ್ಲಿ ನೆನೆಯಬಹುದು. ಎಚ್‌ಎಎಲ್ ತಯಾರಿಸಿದ ‘ಪುಷ್ಪಕ್’ 1958ರಲ್ಲಿ ಮೊದಲು ಹಾರಿತು. ಅದು ಲೋಹದ ಚೌಕಟ್ಟಿಗೆ ಬಟ್ಟೆ ಹೊದಿಸಿದ ವಿಮಾನ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ‘ಹಂಸ’ ಹಾರಿದ್ದು 1993ರಲ್ಲಿ. ಅದರ ಮೈಯೇ ಗಾಜಿನ ನಾರು ಮತ್ತು ರಾಳ ಸೇರಿಸಿ ಮಾಡಿದ ಗಟ್ಟಿ ಚಿಪ್ಪು. ಚೌಕಟ್ಟಿಗೆ ಹೊದಿಕೆ ಬೇಕೇ ಬೇಕು. ಅದಿಲ್ಲದೆ ರೆಕ್ಕೆಯೇ ಇಲ್ಲ. ಚಿಪ್ಪಿಗೆ ಹೊದಿಕೆ ಬರೀ ಬಣ್ಣಕ್ಕೆ. ಮಾದರಿ ವಿಮಾನದ ರೆಕ್ಕೆ ಪುಷ್ಪಕ್‌ನ ಜಾತಿ, ಮೂತಿ ಹಂಸದ ಜಾತಿ.

ಗುಳ್ಳೆ ಏಳಲು ಕಾರಣ ಗಾಳಿ. ಮರದಲ್ಲಿ ಸಣ್ಣ ರಂಧ್ರಗಳಿವೆ, ಚೌಕಟ್ಟಿನ ನಡುವೆ ಖಾಲಿ ಜಾಗವಿದೆ. ಸಿಕ್ಕಿಬಿದ್ದ ಗಾಳಿ ಹೊರಗೆ ಹೋಗುತ್ತದೆ. ಫೈಬರ್‌ಗ್ಲಾಸಿನಲ್ಲಿ ದಾರಿಯಿಲ್ಲ. ಬಿಸಿಗೆ ಹಿಗ್ಗಿದ ಗಾಳಿ ಹಾಳೆಯನ್ನೇ ಎತ್ತುತ್ತದೆ. ಪಠ್ಯಪುಸ್ತಕಕ್ಕೆ ಅಂಟಿನ ಪ್ಲಾಸ್ಟಿಕ್ ಹೊದಿಸುವಾಗ ನಡುವೆ ಗಾಳಿ ಉಳಿದ ಹಾಗೆ. ರಾಳ ಪೂರ್ತಿ ಗಟ್ಟಿಯಾಗಿರದಿದ್ದರೆ ಅದರಿಂದಲೂ ಆವಿ ಹೊರಡುತ್ತದೆ.

ಸೊಟ್ಟಗಾಗಲು ಕಾರಣ ರಾಳ. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾದ ಎಪಾಕ್ಸಿ ರಾಳ ಸಾಮಾನ್ಯವಾಗಿ 50ರಿಂದ 80 ಡಿಗ್ರಿಯಲ್ಲೇ ಮೆತ್ತಗಾಗತೊಡಗುತ್ತದೆ. ಹಾಳೆ ಕುಗ್ಗಲು ಬೇಕಾದ್ದು ಅದರ ಎರಡರಷ್ಟು! ಸೊಟ್ಟಗಾದ ಕವಚ ತಿರುಗುವ ಪ್ರೊಪೆಲರಿಗೆ ತಗುಲಿದರೆ ವಿಮಾನಕ್ಕಷ್ಟೇ ಅಲ್ಲ, ಹತ್ತಿರ ನಿಂತವರಿಗೂ ಅಪಾಯ.

ಹಾಗೆಂದು ಆಸೆ ಬಿಡಬೇಕಿಲ್ಲ. ಅಚ್ಚಿನಿಂದ ಬಂದ ಮೇಣದ ಪಸೆಯನ್ನು ಮೊದಲು ತೊಳೆದು ತೆಗೆಯಬೇಕು. ಆಮೇಲೆ ನೀರು ಹಾಕಿಕೊಂಡು ನುಣುಪಾದ ಉಜ್ಜುಕಾಗದದಿಂದ ತಿಕ್ಕಬೇಕು. ಒಣಗಿದ್ದನ್ನು ತಿಕ್ಕಿದರೆ ಗಾಜಿನ ಪುಡಿ ಚರ್ಮಕ್ಕೆ ನವೆ, ಉಸಿರಿಗೆ ಕೇಡು. ಮೂಗಿಗೆ ಬಟ್ಟೆ ಸಾಲದು, ಮುಖಗವಸು ಬೇಕು. ಅಂಟು ಹಿಡಿಯುವಷ್ಟೇ ಬಿಸಿಯನ್ನು ಸ್ವಲ್ಪ ಸ್ವಲ್ಪವೇ ಕೊಡುತ್ತ, ಒಂದೇ ಕಡೆ ನಿಲ್ಲಿಸದೆ, ನಡುವಿನಿಂದ ಅಂಚಿನತ್ತ ಗಾಳಿಯನ್ನು ತಳ್ಳಿಕೊಂಡು ಹೋಗಬೇಕು. ಕುಗ್ಗಿಸಿ ಬಿಗಿ ಮಾಡುವ ಬದಲು ಕೈಯಿಂದ ಎಳೆದು ಕೂರಿಸಬೇಕು. ಉಳಿದ ಗುಳ್ಳೆಗೆ ಸೂಜಿಯ ಮೊನೆ ಸಾಕು. ಎರಡು ಹಾಳೆ ಸೇರುವಲ್ಲಿ ಮುಂದಿನದು ಹಿಂದಿನದರ ಮೇಲೆ ಬರಲಿ. ಮಾಡಿಗೆ ಹೆಂಚು ಹೊದಿಸುವಾಗ ಮೇಲಿನ ಸಾಲು ಕೆಳಗಿನದರ ಮೇಲೆ ಕೂರುವುದಿಲ್ಲವೇ, ಹಾಗೆ. ಆಗ ಎದುರು ಬೀಸುವ ಗಾಳಿ ಅಂಚನ್ನು ಎಬ್ಬಿಸದು. ಎಲ್ಲ ದಿಕ್ಕಿಗೂ ಬಾಗಿದ ಮೂತಿಗೆ ಹಾಳೆಯ ಹಟ ಬಿಟ್ಟು ಅದೇ ಬಣ್ಣದ ಪೇಂಟ್ ಬಳಿಯುವುದೇ ಜಾಣತನ.

ಎಲ್ಲಕ್ಕಿಂತ ಮೊದಲು, ಬೇಡವಾದ ಫೈಬರ್‌ಗ್ಲಾಸ್ ಚೂರಿನ ಮೇಲೆ ಒಂದು ತುಂಡು ಹಾಳೆ ಅಂಟಿಸಿ ನೋಡಬೇಕು. ಚೂರು ಕೆಟ್ಟರೆ ನಷ್ಟವಿಲ್ಲ. ಎಷ್ಟು ಬಿಸಿ ಹೆಚ್ಚಾಯಿತೆಂದು ತಿಳಿಯುತ್ತದೆ. ಮಕ್ಕಳು ಹೀಗೆ ನಾಲ್ಕು ಚೂರು ಕೆಡಿಸಿದರೆ ಹೆತ್ತವರು ಅದನ್ನು ದಂಡವೆಂದು ಲೆಕ್ಕ ಹಾಕಬಾರದು. ಪ್ರಯೋಗಶಾಲೆಯ ಖರ್ಚು ಎಂದು ಬರೆದುಕೊಳ್ಳಬೇಕು.

ಕೊನೆಗೊಂದು ಪ್ರಶ್ನೆ. ಫೈಬರ್‌ಗ್ಲಾಸ್ ಮೈಯ ನಿಜವಾದ ವಿಮಾನಗಳಿಗೂ ಗ್ಲೈಡರುಗಳಿಗೂ ಹೆಚ್ಚಾಗಿ ಬಿಳಿ ಬಣ್ಣವನ್ನೇ ಬಳಿಯುತ್ತಾರೆ. ಏಕಿರಬಹುದು? ಬೇಸಿಗೆಯ ಬಿಸಿಲಿನಲ್ಲಿ ನಿಲ್ಲಿಸಿದ ಒಂದು ಕಪ್ಪು, ಒಂದು ಬಿಳಿ ಸ್ಕೂಟರನ್ನು ಮುಟ್ಟಿ ನೋಡಿದವರಿಗೆ ಉತ್ತರ ಕಷ್ಟವಲ್ಲ.