ಕಾಣದ ಅಂಟು, ಕಾಣಬೇಕಾದ ಕೈ

ಕೊಕ್ಕೆ ತಾಗಿದ ಕಡೆಯೇ ಗೋಣಿ ಮೊದಲು ಹರಿಯುತ್ತದೆ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವ ಬಾಂಧವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕಡಿದ ಎಳೆಯ ಭಾರ ನೆರೆಯ ಎಳೆಯ ಮೇಲೆ ಬೀಳುತ್ತದೆ, ಅದೂ ಸೋಲುತ್ತದೆ. ಇಂದಿನ ವಿಮಾನ ಕಟ್ಟುವವರನ್ನು ಕಾಡುವ ಪ್ರಶ್ನೆಯೂ ಇದೇ ಎಂದರೆ ವಾಚಕರಿಗೆ ಆಶ್ಚರ್ಯವಾದೀತು.

ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ಯುದ್ಧವಿಮಾನದ ಕಟ್ಟಡದ ತೂಕದಲ್ಲಿ ಸುಮಾರು ಶೇಕಡಾ 45 ಭಾಗ ಕಾಂಪೋಸಿಟ್ ಎಂಬ ಸಂಯುಕ್ತ ವಸ್ತುವಿನದು. ಕಾರ್ಬನ್ ಎಳೆಗಳನ್ನು ಪದರ ಪದರವಾಗಿ ಹಾಸಿ, ರಾಳದಿಂದ ಬಂಧಿಸಿ, ಶಾಖ ಮತ್ತು ಒತ್ತಡದಲ್ಲಿ ಗಟ್ಟಿಗೊಳಿಸಿದ ವಸ್ತುವಿದು. ಹಗುರ, ಬಲಿಷ್ಠ, ಜೋಡಣೆ ಮಾತ್ರ ಸುಲಭವಲ್ಲ. ಲೋಹಕ್ಕೆ ತೂತು ಕೊರೆದು ರಿವೆಟ್ ಬಡಿದರೆ ತೂತಿನ ಅಂಚು ತುಸು ಮಣಿದು ಭಾರವನ್ನು ಹಂಚಿಕೊಳ್ಳುತ್ತದೆ. ಸಂಯುಕ್ತ ವಸ್ತು ಹಾಗೆ ಮಣಿಯದು. ತೂತು ಎಳೆಗಳನ್ನೇ ಕಡಿಯುತ್ತದೆ. ಅಜಾಗರೂಕತೆಯಿಂದ ಕೊರೆದರೆ ಪದರಗಳು ಬಿಚ್ಚಿಕೊಳ್ಳುತ್ತವೆ. ಆದುದರಿಂದ ತೂತಿನ ಸುತ್ತ ಪದರಗಳನ್ನು ಹೆಚ್ಚಿಸಿ, ಎಳೆಗಳನ್ನು ಹಲವು ದಿಕ್ಕುಗಳಿಗೆ ಹಾಸಿ ಬಲಪಡಿಸಬೇಕು. ಕಾರ್ಬನ್ ಸೋಂಕಿದ ಅಲ್ಯೂಮಿನಿಯಂ ತೇವದಲ್ಲಿ ಬೇಗ ಸವೆಯುವುದರಿಂದ ಟೈಟೇನಿಯಂ ಬೋಲ್ಟು ಹಾಕಬೇಕು.

ತೂತನ್ನೇ ತಪ್ಪಿಸುವ ಮಾರ್ಗವೂ ಉಂಟು. ಹೊದಿಕೆಯನ್ನೂ ಅದರ ಒಳಗಿನ ಆಧಾರಪಟ್ಟಿಗಳನ್ನೂ ಆಟೋಕ್ಲೇವ್ ಎಂಬ ಒತ್ತಡದ ಕುಲುಮೆಯಲ್ಲಿ ಒಟ್ಟಿಗೇ ಬೇಯಿಸಿ ಒಂದೇ ಅಂಗವಾಗಿಸುವ ಈ ವಿದ್ಯೆಯನ್ನು ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆ ತೇಜಸ್ಸಿಗಾಗಿ ಬೆಳೆಸಿತು. ಬೇರೆ ಬೇರೆಯಾಗಿ ಬೆಂದ ಭಾಗಗಳನ್ನು ಅಂಟಿನಿಂದ ಕೂಡಿಸುವುದೂ ಉಂಟು. ತೊಡಕಿರುವುದು ಇಲ್ಲಿಯೇ. ಅಲ್ಟ್ರಾಸೌಂಡ್ ಪರೀಕ್ಷೆ ಒಳಗಿನ ಪೊಳ್ಳನ್ನು ತೋರಿಸಬಲ್ಲದು. ತಾಗಿಯೂ ಹಿಡಿಯದ ದುರ್ಬಲ ಅಂಟನ್ನು ಖಚಿತವಾಗಿ ತೋರಿಸಲಾರದು. ಬೆರಳಿನ ಜಿಡ್ಡು, ತುಸು ತೇವ, ಅವಸರದಲ್ಲಿ ಉಜ್ಜಿದ ಮೇಲ್ಮೈ—ಇಷ್ಟೇ ಸಾಕು.

1988ರ ಏಪ್ರಿಲ್ 28ರಂದು ಹವಾಯಿಯ ಆಕಾಶದಲ್ಲಿ ಅಲೋಹ ಸಂಸ್ಥೆಯ ಬೋಯಿಂಗ್ 737 ವಿಮಾನದ ಮಾಡು ಕಿತ್ತುಹೋಗಿ ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಅದು ಲೋಹದ ವಿಮಾನವಾದರೂ ಪಾಠ ಒಂದೇ. ಹಾಳೆಗಳ ನಡುವಿನ ಅಂಟು ಬಿಟ್ಟಿತು; ಭಾರವೆಲ್ಲ ರಿವೆಟ್ ತೂತುಗಳ ಮೇಲೆ ಬಿದ್ದು ಬಿರುಕುಗಳು ಒಂದನ್ನೊಂದು ಕೂಡಿಕೊಂಡವು.

ಇದರಿಂದ ಏನು ಸಿದ್ಧವಾಗುತ್ತದೆ? ಯಂತ್ರದ ಕಣ್ಣಿಗೆ ಬೀಳದ ಕಡೆ ಕೆಲಸಗಾರನ ಕೈಯ ನಿಷ್ಠೆಯೇ ಕಾವಲು. ಆ ಕೈಯನ್ನು ಗಂಟೆಯ ಲೆಕ್ಕದಲ್ಲಿ ಓಡಿಸುವುದು, ಅರೆಬರೆ ತರಬೇತಿ ಕೊಟ್ಟು ನಿಲ್ಲಿಸುವುದು, ತಪ್ಪಾದಾಗ ಮಾತ್ರ ಅದನ್ನು ನೆನೆಯುವುದು ಅನ್ಯಾಯವಷ್ಟೇ ಅಲ್ಲ, ಅಪಾಯ. ಅಂಟು ಹಚ್ಚುವವನಿಗೆ ಪೂರ್ಣ ತರಬೇತಿ ಬೇಕು, ಸಾಕಷ್ಟು ಸಮಯ ಬೇಕು, ಸಂದೇಹ ಬಂದೊಡನೆ ಕೂಲಿ ಕಳೆದುಕೊಳ್ಳುವ ಭಯವಿಲ್ಲದೆ ಕೆಲಸ ನಿಲ್ಲಿಸುವ ಅಧಿಕಾರ ಬೇಕು. ಮೂಟೆ ಹೊರುವವರ ಮಕ್ಕಳಿಗೂ ಐ.ಟಿ.ಐ.ಗಳಲ್ಲಿ ಈ ವಿದ್ಯೆಯ ಬಾಗಿಲು ತೆರೆಯಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಎಳೆ ಕಡಿದರೆ ಏನಾಗುತ್ತದೆಂಬುದನ್ನು ಅವರು ಮನೆಯಲ್ಲಿಯೇ ಕಲಿತಿದ್ದಾರೆ.