ಮನೆವಾರ್ತೆ: ಹಳೆಯ ಫ್ಲಾಪಿ, ಹೊಸ ಮ್ಯಾಕ್

ಕೊಳ್ಳೇಗಾಲದ ಸೋದರಿಯೊಬ್ಬರು ಹೀಗೆ ಬರೆದಿರುವರು: “ನಮ್ಮ ಮಾವನವರು ರೇಷ್ಮೆ ಸೀರೆಯಂಗಡಿಯ ಲೆಕ್ಕವನ್ನೂ ಮನೆತನದ ವೃತ್ತಾಂತವನ್ನೂ 1992ರಲ್ಲಿ ಕಂಪ್ಯೂಟರಿನಲ್ಲಿ ಬರೆದಿಟ್ಟರು. ಆ ಡಾಸ್ ತಂತ್ರಾಂಶವು ಮಗನ ಮ್ಯಾಕ್‌ನಲ್ಲಿ ತೆರೆಯದು. ಫ್ಲಾಪಿಗಳನ್ನು ಎಸೆಯಬಹುದೇ?”

ಸರ್ವಥಾ ಎಸೆಯಲಾಗದು. ಡಾಸ್ ಇಂಟೆಲ್ ಮಾದರಿಯ ಪ್ರೊಸೆಸರಿಗಾಗಿ ಹುಟ್ಟಿದುದು. ಆಪಲ್ ಸಂಸ್ಥೆಯಾದರೋ 2020ರಿಂದ ಮ್ಯಾಕ್‌ಗಳಿಗೆ ತನ್ನದೇ ಪ್ರೊಸೆಸರನ್ನು ಹಾಕತೊಡಗಿತು. ಆದರೆ 2002ರಲ್ಲಿ ಹೊರಬಂದ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವು ಹೊಸ ಯಂತ್ರದೊಳಗೆ ಹಳೆಯ ಕಂಪ್ಯೂಟರಿನ ವೇಷವನ್ನು ಧರಿಸಿ, ಹಳೆಯ ಆಜ್ಞೆಗಳನ್ನು ನಡೆಯಿಸಿಕೊಡುವುದು.

ಮೊದಲು 3.5 ಅಂಗುಲದ ಫ್ಲಾಪಿಯ ಮೂಲೆಯಲ್ಲಿರುವ ಮುಚ್ಚಳವನ್ನು ಸರಿಸಿ, ಕಿಂಡಿಯನ್ನು ತೆರೆದಿಡಿರಿ. ಆಗ ಅದರಲ್ಲಿರುವುದು ಅಳಿಸಿಹೋಗದು. ಹೊರಗಿನಿಂದ ಫ್ಲಾಪಿ ಡ್ರೈವನ್ನು ಜೋಡಿಸಿ, ತಂತ್ರಾಂಶವನ್ನೂ ಲೆಕ್ಕವನ್ನೂ ಒಂದೇ ಫೋಲ್ಡರಿಗೆ ನಕಲು ಮಾಡತಕ್ಕದ್ದು. ಡಾಸ್‌ಬಾಕ್ಸಿನಲ್ಲಿ ‘ಮೌಂಟ್’ ಆಜ್ಞೆಯಿಂದ ಆ ಫೋಲ್ಡರನ್ನು ‘ಸಿ’ ಡ್ರೈವೆಂದು ತೋರಿಸಿ, ತಂತ್ರಾಂಶದ ಹೆಸರನ್ನು ಬರೆದರೆ ಅದು ತೆರೆಯುವುದು.

ಕನ್ನಡ ಬರೆಹಕ್ಕೆ ಇಷ್ಟೇ ಸಾಲದು. ಮಾವನವರು ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡಿನ ನೆರವಿನಿಂದ ಬರೆದಿದ್ದರೆ, ಆ ಕಾರ್ಡಿಲ್ಲದ ಡಾಸ್‌ಬಾಕ್ಸಿನಲ್ಲಿ ಅಕ್ಷರಗಳು ವಿಚಿತ್ರ ಗುರುತುಗಳಾಗಿ ಕಾಣುವುವು. ಹೆದರಬೇಡಿರಿ. ಅವು ಇಸ್ಕಿ ಸಂಕೇತಗಳು. ಯೂನಿಕೋಡಿಗೆ ಪರಿವರ್ತಿಸಿದರೆ ಹಿರಿಯರ ಮಾತು ಮರಳಿ ಓದಲು ಬರುವುದು.

ಫ್ಲಾಪಿಯ ಕಾಂತಲೇಪವು ಕಾಲಕ್ರಮದಲ್ಲಿ ಕೆಡುವಂಥದು. ಆದುದರಿಂದ ವಿಳಂಬವು ಸಲ್ಲದು. ರೇಷ್ಮೆ ಸೀರೆಯ ಮಡಿಕೆಯನ್ನು ಆಗಾಗ ಬದಲಿಸಿಡುವಂತೆ, ಈ ನಕಲನ್ನೂ ಆಗಾಗ ಹೊಸದಾಗಿ ಮಾಡಿ ಎರಡು ಕಡೆ ಇರಿಸಿಕೊಳ್ಳಿರಿ.